ಮಾತಿಲ್ಲದೆ ಕಲಿಸಿದ ಪಾಠ

"ಅಮೆರಿಕಕ್ಕೆ ಓದೋಕೆ ಹೋಗೋ ವಯಸ್ಸೇನೇ ಇದು?" ಎಂದು ಅಕ್ಕ ಕೇಳಿದಾಗ ನನಗೆ ನಲವತ್ತೊಂದು.

"ಓದೋಕಲ್ಲ ಕಣೆ, ಕಲ್ಸೋಕೆ" ಎಂದೆ.

ಅವಳು ನಂಬಲಿಲ್ಲ. ಮೊದಲು ಅಲ್ಲಿನ ಡಿಗ್ರಿ, ಆಮೇಲೆ ಅಲ್ಲಿನ ಕೆಲಸ, ನಮ್ಮ ಬಳಗದವರು ಕಂಡಿದ್ದ ದಾರಿ ಅದೊಂದೇ. ನನ್ನ ಬಳಿ ಇದ್ದದ್ದು ಬಿಎಸ್ಸಿ, ಬಿಎಡ್, ದಾವಣಗೆರೆಯ ಹೈಸ್ಕೂಲೊಂದರಲ್ಲಿ ಹದಿನಾರು ವರ್ಷ ಗಣಿತ ಕಲಿಸಿದ ಅಭ್ಯಾಸ, ಅಷ್ಟೆ. ಸೌತ್ ಕ್ಯಾರೊಲಿನಾದ ಹಳ್ಳಿಗಾಡಿನ ಶಾಲೆಗಳಿಗೆ ಗಣಿತದ ಟೀಚರುಗಳು ಸಾಲುತ್ತಿಲ್ಲ, ಹೊರದೇಶದವರನ್ನೂ ಕರೆಸಿಕೊಳ್ಳುತ್ತಾರೆ ಎಂದು ಸಹೋದ್ಯೋಗಿಯೊಬ್ಬಳು ಹೇಳಿದ್ದಳು. ಅಪ್ಲೈ ಮಾಡಿ ಸುಮ್ಮನಾಗಿದ್ದೆ.

ಒಂದು ಸಂಜೆ ಇಂಟರ್‌ವ್ಯೂ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮೊಬೈಲಿನೆದುರು ಪಾಠ ಮಾಡಿ ಮಾಡಿ ಕ್ಯಾಮೆರಾದ ಅಂಜಿಕೆ ಹೋಗಿತ್ತು. ಪರದೆಯಲ್ಲಿದ್ದ ಪ್ರಿನ್ಸಿಪಾಲರು ಬೆಳ್ಳಿಗೂದಲಿನ, ನಿಧಾನ ಮಾತಿನ ಹೆಂಗಸು. "ಮೈನಸ್ಸನ್ನ ಮೈನಸ್ಸಿನಿಂದ ಗುಣಿಸಿದ್ರೆ ಪ್ಲಸ್ ಯಾಕೆ ಬರುತ್ತೆ? ಮಕ್ಕಳಿಗೆ ಹೇಳೋ ಹಾಗೆ ಹೇಳಿ" ಎಂದರು.

ನಾನು ಎದ್ದು ಹಾಲಿನಲ್ಲಿ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದೆ. ಸೋಫಾದ ಕಾಲು ತಾಗಿ ಇನ್ನೇನು ಬೀಳುತ್ತಿದ್ದೆ. "ಈಗ ಈ ವಿಡಿಯೋನ ಉಲ್ಟಾ ಓಡ್ಸಿದ್ರೆ ನಾನು ಎತ್ತ ನಡೀತೀನಿ?"

"ಮುಂದಕ್ಕೆ!" ಎಂದು ಅವರು ನಕ್ಕರು. "ಆಗಸ್ಟಿಗೆ ಬರ್ತೀರಾ?"

ಗಂಡ ಮತ್ತು ಮಗಳು ಒಂದು ವರ್ಷ ತಡೆದು ಬರುವುದೆಂದಾಯಿತು. ಅಟ್ಲಾಂಟಾದಲ್ಲಿ ಇಳಿದ ನನ್ನನ್ನು ಕರೆದೊಯ್ಯಲು ಬಂದವರು ಮೈಸೂರು ಕಡೆಯ ವೃದ್ಧ ಡಾಕ್ಟರು. ನಾನು ಕಲಿಸಲಿದ್ದ ಪುಟ್ಟ ಊರಿನಲ್ಲೇ ನಲವತ್ತು ವರ್ಷದಿಂದ ಇದ್ದವರು, ಪ್ರಿನ್ಸಿಪಾಲರಿಗೆ ಪರಿಚಯದವರು. ಕಾರು ಹತ್ತುವ ಹೊತ್ತಿಗೇ ನನಗೆ ಅಂಕಲ್ ಆಗಿದ್ದರು. ದಾರಿಯುದ್ದಕ್ಕೂ ಪೈನ್ ಮರಗಳ ಗೋಡೆ. ಕಾರು ಓಡುತ್ತಿದೆಯೋ ಮರಗಳೇ ಹಿಂದಕ್ಕೆ ಹರಿಯುತ್ತಿವೆಯೋ ತಿಳಿಯದ ಮಂಪರಿನಲ್ಲಿ ಅಂಕಲ್ ದನಿ ಎಲ್ಲೋ ದೂರದಿಂದ ಕೇಳಿಸಿತು: "ಮಲಕ್ಕೊಳಮ್ಮ, ಇನ್ನೂ ಎರಡು ಗಂಟೆ ಇದೆ." ಕಣ್ಣು ಬಿಟ್ಟಾಗ ರಸ್ತೆಯ ಎರಡೂ ಬದಿ ಹತ್ತಿಯ ಹೊಲ, ಹೂವಿನ ಕಾಲ. ದಾವಣಗೆರೆಯ ಹೊರವಲಯದಲ್ಲಿ ಎದ್ದೆನೇನೋ ಅನ್ನಿಸಿ, ಮಣ್ಣು ನೋಡಿದೆ. ಕಪ್ಪಲ್ಲ, ಮರಳು ಬೆರೆತ ತಿಳಿ ಕಂದು.

ತರಗತಿಯ ಮೊದಲ ದಿನ ಮಾತ್ರ ಕನಸು ಕೆಟ್ಟಿತು. ನಾನು ಹೇಳಿದ್ದು ಏಳನೇ ಕ್ಲಾಸಿನ ಮಕ್ಕಳಿಗೆ ತಿಳಿಯಲಿಲ್ಲ, ಅವರು ಎಳೆದು ಆಡುವ ಇಂಗ್ಲಿಷು ನನಗೆ ತಿಳಿಯಲಿಲ್ಲ. "ಜೆಡ್ ಅಂದ್ರೇನು ಮಿಸ್?" ಎಂದು ಒಬ್ಬಳು ಕೇಳಿದಳು. ಇಂಗ್ಲಿಷಿನ ಕೊನೆಯ ಅಕ್ಷರ ಬರೆದು ತೋರಿಸಿದೆ. "ಓ, ಜೀ!" ಎಂದು ಇಡೀ ಕ್ಲಾಸು ನಕ್ಕಿತು. ಬಾತ್‌ರೂಮಿಗೆ ಹೋಗಿ ಅತ್ತೆ.

ಮರುದಿನ ಬಾಯಿ ತೆರೆಯದಿರಲು ನಿರ್ಧರಿಸಿದೆ. ಬೋರ್ಡಿನಲ್ಲಿ ಒಂದು ಚುಕ್ಕಿ ಇಟ್ಟೆ, ಅದರ ಕೆಳಗೆ ಮೂರು, ಅದರ ಕೆಳಗೆ ಐದು. ಮುಂದಿನ ಸಾಲು ಖಾಲಿ ಬಿಟ್ಟು ಪೆನ್ನನ್ನು ಮಕ್ಕಳತ್ತ ಚಾಚಿ ನಿಂತೆ. ಪಿಸುಮಾತುಗಳು ಒಂದೊಂದಾಗಿ ಅಡಗಿದವು. ಕಿಟಕಿಯಿಂದ ಬಂದ ಬಿಸಿಲು ಬೋರ್ಡಿನ ಅರ್ಧಕ್ಕೆ ಏರಿತ್ತು. ನಿನ್ನೆ ಜೆಡ್ ಕೇಳಿದ ಹುಡುಗಿಯೇ ಎದ್ದು ಬಂದು ಏಳು ಚುಕ್ಕಿ ಇಟ್ಟಳು. ಮತ್ತೊಬ್ಬ ಒಂಬತ್ತು. ಇನ್ನೊಬ್ಬ ಅಂಚಿನಲ್ಲಿ ಒಟ್ಟು ಮೊತ್ತ ಬರೆಯತೊಡಗಿದ: ಒಂದು, ನಾಲ್ಕು, ಒಂಬತ್ತು, ಹದಿನಾರು. ನೀರಿನೊಳಗೆ ನಡೆಯುತ್ತಿದ್ದಾರೇನೋ ಎಂಬಂತೆ ಎಲ್ಲರೂ ಮೆಲ್ಲಗೆ ಬರುತ್ತಿದ್ದರು, ಹೋಗುತ್ತಿದ್ದರು. ಬೆಲ್ ಹೊಡೆದಾಗ ಬೆಚ್ಚಿಬಿದ್ದೆವು.

ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. "ನಾಳೆ ಸ್ವಲ್ಪ ಮಾತೂ ಆಡಿ" ಎಂದಷ್ಟೇ ಹೇಳಿ ಹೋದರು.

ಆಡಿದೆ. ದಸರೆಯ ಹೊತ್ತಿಗೆ ಮಕ್ಕಳ ಎಳೆತ ನನ್ನ ಕಿವಿಗೆ, ನನ್ನ ಅವಸರ ಅವರ ಕಿವಿಗೆ ಹೊಂದಿಕೊಂಡಿತು. ಅಂಕಲ್ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿಸಿದರು. ಮುಂದಿನ ಬೇಸಿಗೆಯಲ್ಲಿ ಮಗಳು, ಗಂಡ ಬಂದರು. ಎರಡು ವರ್ಷ ಕಳೆದ ಮೇಲೆ ಶಾಲೆಯವರೇ ಹೆಚ್ಚು ಕಾಲದ ವೀಸಾಗೆ ಅರ್ಜಿ ಹಾಕಿದರು, ಅದೂ ಆಯಿತು. ಪತ್ರ ಕೈಗೆ ಬಂದ ಮಧ್ಯಾಹ್ನ ಮೂವರೂ ಊರಾಚೆಯ ಕೆರೆಯ ಬಳಿಗೆ ಹೋಗಿ, ಬುತ್ತಿಯ ಮಂಡಕ್ಕಿ ಮುಗಿಯುವವರೆಗೆ ನೀರು ನೋಡುತ್ತ ಕೂತಿದ್ದೆವು.