ಸುಳ್ಳು ಜಾಗಕ್ಕೆ ಕೋಲು ಕೊಡದವನು

ನಮ್ಮ ಗುಂಡ್ಲುಪೇಟೆಯಲ್ಲಿ ಗಾಲ್ಫ್ ಆಡುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಷ್ಟು ದೊಡ್ಡ ಹುಲ್ಲುಗಾವಲು ಕೈಗೆ ಸಿಕ್ಕರೆ ನಾವು ಈರುಳ್ಳಿ ಹಾಕುತ್ತೇವೆ, ಇಲ್ಲವೇ ದನ ಬಿಡುತ್ತೇವೆ. ಆದರೂ ಆ ಆಟದ ಮಾತು ಬಂದಾಗ ತಲೆಯೆತ್ತಿ ಕೂರುವ ಹಕ್ಕು ನಮ್ಮೂರಿಗಿದೆ, ಯಾಕೆಂದರೆ ಹಿದಾಯತ್ ಉಲ್ಲಾ ನಮ್ಮೂರಿನವನು. ನಮ್ಮ ಅಪ್ಪನ ಈರುಳ್ಳಿ ಮಂಡಿಯ ಗೋಡೆಗೆ ಅಂಟಿಕೊಂಡ ಮನೆಯವನು. "ಯಾರೋ ದೊಡ್ಡವರ ಚೀಲ ಹೊರುತ್ತಿದ್ದನಂತಲ್ಲ, ಅವನೇನಾ?" ಎಂದು ಮೂಗು ಮುರಿಯುವವರು ಇವತ್ತಿಗೂ ಸಿಗುತ್ತಾರೆ. ಅಂಥವರ ಜೊತೆ ನಾನು ಮಾತು ಬೆಳೆಸುವುದಿಲ್ಲ. ಕೇಳುವ ಮನಸ್ಸಿದ್ದವರಿಗೆ ಹೇಳುತ್ತೇನೆ.

ಹಿದಾಯತ್‌ನ ಅಪ್ಪ ಅಬ್ದುಲ್ ರಹೀಂ ಸಾಬರು ಕಲಾಯಿ ಹಾಕುವವರು. ಹಿತ್ತಾಳೆ ಪಾತ್ರೆಯನ್ನು ಇದ್ದಿಲ ಮೇಲೆ ಕಾಯಿಸಿ, ಒಳಗೆ ತವರ ಸವರಿ, ಬೆಳ್ಳಿಯ ಹಾಗೆ ಹೊಳೆಯಿಸಿ ಕೊಡುವ ಕೆಲಸ. ತಿದಿ, ಇದ್ದಿಲು, ನವಸಾಗರ ಕಟ್ಟಿಕೊಂಡು ಅಪ್ಪ ಮಗ ಇಬ್ಬರೂ ಚಾಮರಾಜನಗರ, ಚಂದಕವಾಡಿ ಎಂದು ಸಂತೆ ಸಂತೆ ಸುತ್ತುತ್ತಿದ್ದರು. ಹಿದಾಯತ್‌ಗೆ ಹೆಣ್ಣು ಸಿಕ್ಕಿದ್ದೂ ಈ ಕೆಲಸದಿಂದಲೇ. ಚಾಮರಾಜನಗರದ ಒಂದು ಮನೆಗೆ ಮದುವೆ ಅಡುಗೆಯ ದೊಡ್ಡ ದೇಗಕ್ಕೆ ಕಲಾಯಿ ಹಾಕಲು ಹೋದವನು, ಮುಂದಿನ ವರ್ಷ ಅದೇ ಮನೆಯ ಅಳಿಯನಾದ. ಹಮೀದಾ ಬಂದ ಮೇಲೆ ಅವನ ಅಂಗಿಗಳಲ್ಲಿ ತೂತು ಕಾಣುವುದು ನಿಂತಿತು.

ಅವನ ತಾಯಿ ಕುಲ್ಸುಂ ಬೀ ಬಗ್ಗೆ ಒಂದು ಮಾತು ಹೇಳಲೇಬೇಕು, ಮುಂದೆ ಆದದ್ದಕ್ಕೆಲ್ಲ ಮೂಲ ಆಕೆಯೇ. ದಾರಿಯಲ್ಲಿ ಮುಳ್ಳು, ಮೊಳೆ, ಗಾಜಿನ ಚೂರು ಏನೇ ಕಂಡರೂ ಆಕೆ ದಾಟಿ ಹೋದವರಲ್ಲ. ಬಗ್ಗಿ ಎತ್ತಿ ಪಕ್ಕಕ್ಕೆ ಹಾಕಿಯೇ ಮುಂದಿನ ಹೆಜ್ಜೆ. ಅದೂ ಒಂದು ದಾನ ಎಂದು ಅವರ ಧರ್ಮದಲ್ಲಿದೆಯಂತೆ. ಕೈಯಲ್ಲಿ ಕಾಸಿಲ್ಲದವರೂ ಮಾಡಬಹುದಾದ ದಾನ. ಮಗ ಚಿಕ್ಕವನಿದ್ದಾಗ ಒಂದು ಮುಳ್ಳು ನೋಡಿಯೂ ನೋಡದವನಂತೆ ಬಂದರೆ, ಅಂಗಡಿ ಬೀದಿಯ ಕೊನೆಯಿಂದಲೂ ವಾಪಸ್ ಕಳಿಸುತ್ತಿದ್ದರು. ನಮ್ಮ ಲಾರಿ ಡ್ರೈವರ್ ಪುಟ್ಟಮಾದು, "ನನ್ ಟೈರ್ ಕಾಯ್ತಿರೋದು ಬೆಟ್ಟದ ಗೋಪಾಲಸ್ವಾಮಿ ಅಲ್ಲ ಕಣಣ್ಣ, ಕುಲ್ಸುಂ ಬೀ," ಎನ್ನುತ್ತಿದ್ದ. ಆ ಅಭ್ಯಾಸ ಮಗನ ರಕ್ತಕ್ಕೇ ಇಳಿದಿತ್ತು. ಮಾತಾಡುತ್ತಾ ನಡೆಯುವಾಗ ಅವನು ಥಟ್ಟನೆ ಬಗ್ಗುತ್ತಿದ್ದ, ಏನೋ ಎತ್ತಿ ಎಸೆಯುತ್ತಿದ್ದ, ಮಾತು ಮುಂದುವರಿಸುತ್ತಿದ್ದ. ತಾನು ಬಗ್ಗಿದ್ದು ಅವನಿಗೇ ಗೊತ್ತಿರುತ್ತಿರಲಿಲ್ಲ.

ಬೇಸಿಗೆಯಲ್ಲಿ ಊಟಿಯ ಸೀಸನ್ ಶುರುವಾದರೆ ಅಲ್ಲಿನ ಹೋಟೆಲುಗಳಲ್ಲಿ ಪಾತ್ರೆಗಳ ರಾಶಿ. ಹಿದಾಯತ್ ನಮ್ಮ ಲಾರಿಯ ಈರುಳ್ಳಿ ಮೂಟೆಗಳ ಮೇಲೆ ತಿದಿ ಇಟ್ಟುಕೊಂಡು, ಬಂಡೀಪುರದ ಕಾಡು ದಾಟಿ, ಗೂಡಲೂರು ಘಾಟಿ ಹತ್ತಿ ಹೋಗುತ್ತಿದ್ದ. ಊಟಿಯ ಗಾಲ್ಫ್ ಮೈದಾನ ನಮ್ಮ ದಾರಿಯ ಪಕ್ಕದಲ್ಲೇ. ಒಂದು ಸಲ ಅಲ್ಲಿ ಚೀಲ ಹೊರುವ ಆಳು ಸಾಲದೆ ಬಂದು, ಬೇಲಿ ಹತ್ತಿರ ನಿಂತಿದ್ದ ಇವನನ್ನು ಕೈಬೀಸಿ ಕರೆದರು. ಕರೆದವರು ಮೈಸೂರಿನ ಕರ್ನಲ್ ಸಾಹೇಬರು. ಸೈನ್ಯದಿಂದ ನಿವೃತ್ತರು, ನಮ್ಮ ದಕ್ಷಿಣದ ಕಡೆ ಮೊದಲ ಸಾಲಿನ ಆಟಗಾರರು, ಸಿಟ್ಟಿನಲ್ಲಂತೂ ಅವರಿಗಿಂತ ಮುಂದೆ ಯಾರೂ ಇರಲಿಲ್ಲ. ಅವತ್ತು ಅವರ ಚೀಲ ಹೆಗಲಿಗೇರಿಸಿದವನು ಮತ್ತೆ ಇಳಿಸಲಿಲ್ಲ. ಸೀಸನ್‌ನಲ್ಲಿ ಊಟಿ, ಉಳಿದ ತಿಂಗಳು ಕರೆ ಬಂದಾಗೆಲ್ಲ ಮೈಸೂರು. ಕಲಾಯಿ ಕೆಲಸ ಅಪ್ಪನ ಪಾಲಿಗೇ ಉಳಿಯಿತು.

ಆಟ ಇಷ್ಟೇ. ಚಿಕ್ಕ ಚೆಂಡು, ದೂರದಲ್ಲಿ ಒಂದು ಕುಳಿ, ಕುಳಿಯ ಗುರುತಿಗೆ ಬಾವುಟ. ಕಡಿಮೆ ಹೊಡೆತಗಳಲ್ಲಿ ಎಲ್ಲ ಕುಳಿ ಮುಗಿಸಿದವನು ಗೆದ್ದ. ಚೀಲದ ತುಂಬ ಬೇರೆ ಬೇರೆ ಕೋಲು. ಚೆಂಡು ಎಲ್ಲಿ ಕೂತಿದೆ, ಹುಲ್ಲು ಎಷ್ಟಿದೆ, ಗಾಳಿ ಎತ್ತ ಎಂದು ನೋಡಿ ತಕ್ಕ ಕೋಲು ತೆಗೆದು ಕೈಗಿಡುವವನೇ ಕ್ಯಾಡಿ. ಚೀಲ ಹೊರುವುದು ಆ ಕೆಲಸದ ಕಾಲುಭಾಗವೂ ಅಲ್ಲ. ಆಟಗಾರನ ಮನಸ್ಸನ್ನೂ ಹೊರಬೇಕು. ಕರ್ನಲ್‌ಗೆ ಸಿಟ್ಟು ನೆತ್ತಿಗೇರಿದಾಗ ಹಿದಾಯತ್ ಕೋಲು ಬೇಗ ಕೊಡುತ್ತಿರಲಿಲ್ಲ. ಒರೆಸಿದ ಕೋಲನ್ನೇ ಇನ್ನೊಂದು ಸಲ ಒರೆಸುತ್ತಾ ನಿಲ್ಲುತ್ತಿದ್ದ. ಅಷ್ಟರಲ್ಲಿ ಅವರ ಉಸಿರು ಹದಕ್ಕೆ ಬರುತ್ತಿತ್ತು. ಕೋಲುಗಳ ಕಬ್ಬಿಣದ ಮೂತಿಗಳನ್ನಂತೂ ಅವನು ಬೂದಿ ಹಾಕಿ ಉಜ್ಜಿ ಮದುವೆ ಮನೆಯ ಪಾತ್ರೆಯಂತೆ ಇಟ್ಟಿದ್ದ. ಬೇರೆ ಆಟಗಾರರು ಬಂದು ನೋಡಿ ಹೋಗುತ್ತಿದ್ದರು. ನನಗೆ ಅದನ್ನು ಹೇಳುವಾಗ ಈಗಲೂ ಹೆಮ್ಮೆಯಾಗುತ್ತದೆ.

ಐವತ್ನಾಲ್ಕನೇ ಇಸವಿಯ ಸೀಸನ್‌ಗೆ ಮುಂಚೆ ಕರ್ನಲ್ ಒಂದು ಮಾತು ಕೊಟ್ಟರು. ಊಟಿಯ ಸೀಸನ್ ಕಪ್ ಅವರ ಕೈಗೆ ಬಂದಂತೆ ಬಂದು ತಪ್ಪುತ್ತಲೇ ಇತ್ತು. "ಈ ಸಲ ಕಪ್ ಗೆದ್ದರೆ ಚಳಿಗಾಲದಲ್ಲಿ ಕಲ್ಕತ್ತದ ಪಂದ್ಯಕ್ಕೆ ಹೋಗ್ತೀನಿ. ಚೀಲ ನಿಂದೇ," ಎಂದರು. ಕಲ್ಕತ್ತ ಎಂದರೆ ದೇಶದ ದೊಡ್ಡ ದೊಡ್ಡ ಆಟಗಾರರೆಲ್ಲ ಸೇರುವ ಜಾಗ. ಅಲ್ಲಿ ನಿಲ್ಲಬೇಕೆಂಬುದು ಹಿದಾಯತ್‌ಗೆ ಎಷ್ಟೋ ವರ್ಷದ ಆಸೆ. ಸುದ್ದಿ ಊರಿಗೆಲ್ಲ ಹಬ್ಬಿತು. ಹಮೀದಾ ತವರಿಗೆ ಹೋಗಿ ಕಪ್ಪು ಉಣ್ಣೆ ಬಟ್ಟೆ ತಂದು, ಕಲ್ಕತ್ತದ ಚಳಿಗೆಂದು ತಾನೇ ಕೋಟು ಹೊಲಿದಳು. ಟೀ ಅಂಗಡಿ ಬೆಟ್ಟಯ್ಯ ಕೋಟು ನೋಡಿ, "ಇದ ಆಕ್ಕಂಡ್ರೆ ನಿನ್ನೇ ಕರ್ನಲ್ಲು ಅಂದ್ಕಂಡಾರು ಕಣ್ಲಾ," ಎಂದು ನಕ್ಕ.

ಕೊನೆಯ ದಿನದ ಆಟ ನೋಡಲು ನಾನು ಬೇಕೆಂದೇ ಲಾರಿ ಹತ್ತಿ ಹೋಗಿದ್ದೆ. ಈರುಳ್ಳಿ ಇಳಿಸಿ, ಆಲೂಗಡ್ಡೆ ತುಂಬಿಸುವುದನ್ನು ಅಲ್ಲಿಯವರಿಗೆ ಬಿಟ್ಟು, ನಾನೂ ಪುಟ್ಟಮಾದೂ ಮೈದಾನದ ಬೇಲಿಗೆ ಬಂದು ನಿಂತೆವು. ಎದುರಾಳಿ ಕಲ್ಕತ್ತದಿಂದ ಬಂದವನು, ಎತ್ತರದ ಆಳು, ತಣ್ಣನೆಯ ಮನುಷ್ಯ. ಕೊನೆಗೆ ಎರಡೇ ಕುಳಿ ಉಳಿದಾಗ ಇಬ್ಬರ ಹೊಡೆತಗಳೂ ಸಮಸಮ. ಕರ್ನಲ್ ಹೊಡೆದ ಚೆಂಡು ದಾರಿ ತಪ್ಪಿ ನಾವು ನಿಂತ ಬೇಲಿಯ ಹತ್ತಿರವೇ, ಹಳದಿ ಹೂವಿನ ಮುಳ್ಳುಪೊದೆಯ ಬುಡಕ್ಕೆ ಬಂದು ಬಿತ್ತು.

ಚೆಂಡು ಹುಡುಕಲು ಹಿದಾಯತ್ ಎಲ್ಲರಿಗಿಂತ ಮುಂದೆ ಬಂದ. ಕರ್ನಲ್ ದಿಬ್ಬದ ಆಚೆ ಇದ್ದರು, ತಲೆ ಕೂಡ ಕಾಣುತ್ತಿರಲಿಲ್ಲ. ಪೊದೆಯ ಮುಂದೆ ಕಾಲುದಾರಿ. ಅದರ ಮೇಲೆ ಯಾರೋ ಕಡಿದು ಬಿಟ್ಟಿದ್ದ ಒಣ ಮುಳ್ಳಿನ ಕೊಂಬೆ ಅಡ್ಡ ಬಿದ್ದಿತ್ತು. ಎದುರಾಳಿಯ ಕ್ಯಾಡಿ, ನೀಲಗಿರಿಯ ಬಡಗ ಜನದ ಒಬ್ಬ, ಬರಿಗಾಲಲ್ಲಿ ಅದೇ ದಾರಿ ಹಿಡಿದು ಬರಬೇಕಿತ್ತು. ಹಿದಾಯತ್ ಥಟ್ಟನೆ ಬಗ್ಗಿದ, ಕೊಂಬೆ ಎಳೆದ. ಅದರ ತುದಿ ಹುಲ್ಲಿನೊಳಗೆ ಹೊಕ್ಕಿತ್ತು. ಆ ತುದಿಗೆ ಒರಗಿ ಚೆಂಡು ಕೂತಿದೆ ಎಂದು ಅವನಿಗೆ ಗೊತ್ತಾಗಿದ್ದು ಚೆಂಡು ಉರುಳಿದ ಮೇಲೆಯೇ. ಪೊದೆಯ ಬುಡದಿಂದ ಉರುಳಿ ಬಯಲಿನ ಹುಲ್ಲಿಗೆ ಬಂದು, ಹೊಡೆಯಿರಿ ಎನ್ನುವಂತೆ ಕೂತುಬಿಟ್ಟಿತು.

ನಾನೂ ಅವನ ಬಾಯಿಂದ ಕೇಳಿ ಕೇಳಿ ಆಟದ ಕಾಯಿದೆ ಅಷ್ಟಿಷ್ಟು ಬಲ್ಲೆ. ಕ್ಯಾಡಿಯ ಕೈಯಿಂದ ಚೆಂಡು ಅಲುಗಿದರೆ ಆಟಗಾರನ ಲೆಕ್ಕಕ್ಕೆ ಒಂದು ಹೊಡೆತ ದಂಡ. ದಂಡ ತೆತ್ತರೆ, ಆಗಿನ ಕಾಯಿದೆಯಂತೆ, ಉರುಳಿ ನಿಂತ ಜಾಗದಿಂದಲೇ ಆಡಬಹುದು. ತಪ್ಪು ಇವನದು, ಕಳೆದುಕೊಳ್ಳುವವರು ಅವರು. ಹಿದಾಯತ್ ಕೈಯಲ್ಲಿದ್ದ ಕೊಂಬೆಯನ್ನು ಅಲ್ಲೇ ಬಿಟ್ಟು ಕಂಬದಂತೆ ನಿಂತ. ನೋಡಿದವರು ನಾವಿಬ್ಬರೇ, ಇಬ್ಬರೂ ಗುಂಡ್ಲುಪೇಟೆಯವರು. ಪುಟ್ಟಮಾದು ಬೇಲಿಯ ಸಂದಿಗೆ ಬಾಯಿಟ್ಟು, "ಸುಮ್ಕಿದ್ಬುಡ್ಲಾ ಹಿದಾಯತ್ತು, ಯಾರೂ ನೋಡ್ನಿಲ್ಲ! ಸುಮ್ಕಿದ್ಬುಡು!" ಎಂದು ಪಿಸುಗುಟ್ಟಿದ. ಹಿದಾಯತ್ ನಮ್ಮ ಕಡೆ ಒಂದು ಸಲ ನೋಡಿದ. ಅಷ್ಟರಲ್ಲಿ ಕರ್ನಲ್ ದಿಬ್ಬ ಹತ್ತಿ ಬಂದು, ಚೆಂಡು ಬಯಲಲ್ಲಿ ಕೂತಿರುವುದು ಕಂಡು, ಮುಖ ಅರಳಿಸಿ, ಕೋಲಿಗೆ ಕೈ ಚಾಚಿದರು.

ಅವನು ಕೋಲು ಕೊಡಲಿಲ್ಲ. "ಸಾಬ್, ಚೆಂಡು ನನ್ನ ಕೈಯಿಂದ ಅಲುಗ್ತು. ಮುಳ್ಳು ಎತ್ತಕ್ಕೆ ಹೋದೆ," ಎಂದ.

ಕರ್ನಲ್ ಚಾಚಿದ ಕೈ ಹಾಗೇ ನಿಂತಿತು. ಅವರ ಕುತ್ತಿಗೆ ಕೆಂಪೇರಿದ್ದು ಬೇಲಿಯಾಚೆಯಿಂದಲೇ ನನಗೆ ಕಂಡಿತು. ಇವತ್ತು ಇವನಿಗೆ ಎಲ್ಲರ ಮುಂದೆ ಬೈಗುಳ ಗ್ಯಾರಂಟಿ ಎಂದುಕೊಂಡೆ. ಹಿದಾಯತ್ ಕೋಲು ತೆಗೆದು ಒರೆಸತೊಡಗಿದ. ಆ ಹೊತ್ತಿನಲ್ಲೂ ಒರೆಸುತ್ತಲೇ ನಿಂತ! ಕೊನೆಗೆ ಕರ್ನಲ್ ತಿರುಗಿ, ಎದುರಾಳಿಗೂ ತೀರ್ಪುಗಾರರಿಗೂ ಕೇಳುವಂತೆ, "ನನ್ನ ಲೆಕ್ಕಕ್ಕೆ ಒಂದು ಹೊಡೆತ ಸೇರಿಸಿ," ಎಂದು ಕೂಗಿದರು. ಆಮೇಲೆ ಕೋಲು ಇಸಿದುಕೊಂಡು ಹೊಡೆದರು. ಒಳ್ಳೆಯ ಹೊಡೆತ. ಉಳಿದ ಆಟವನ್ನೂ ಚೆನ್ನಾಗಿಯೇ ಆಡಿದರು. ಆದರೆ ಎದುರಾಳಿಯೂ ತಪ್ಪಲಿಲ್ಲ. ಆ ಒಂದು ಹೊಡೆತದಿಂದಲೇ ಕಪ್ ಹೋಯಿತು. ಕರ್ನಲ್ ಚೀಲವನ್ನು ತಾವೇ ಕಾರಿಗೆ ಎತ್ತಿಟ್ಟುಕೊಂಡು ಹೊರಟುಹೋದರು.

ಲಾರಿ ಹೊರಡುವ ಹೊತ್ತಿಗೆ ಹಿದಾಯತ್ ಎಲ್ಲೂ ಕಾಣಲಿಲ್ಲ. ಪುಟ್ಟಮಾದು ಹಾರ್ನ್ ಹೊಡೆದೂ ಹೊಡೆದೂ ಸಾಕಾದ. ಆಮೇಲೆ ಆಸಾಮಿ ಮೈದಾನದ ಕಡೆಯಿಂದ ನಿಧಾನವಾಗಿ ನಡೆದು ಬಂದು ಮೂಟೆಗಳ ಮೇಲೆ ಹತ್ತಿ ಕೂತ. ನನಗೆ ಸಿಟ್ಟು ತಡೆಯಲಾಗಲಿಲ್ಲ, ನಾನೂ ಹಿಂದಕ್ಕೇ ಹತ್ತಿದೆ.

"ಅಲ್ಲ ಕಣ್ಲಾ, ಬಾಯ್ ಮುಚ್ಕಂಡಿದ್ರೆ ಕಲ್ಕತ್ತ ನಿಂದಾಗ್ತಿತ್ತಲ್ಲ!" ಎಂದೆ.

"ಮಲ್ಲಪ್ಪ, ಸಾಹೇಬ್ರು ಕೋಲಿಗೆ ಕೈ ಚಾಚಿದ್ರು," ಎಂದ ಅವನು. "ಯಾವ ಕೋಲು ಕೊಡ್ಲಿ? ಚೆಂಡು ಬಿದ್ದಿದ್ದು ಒಂದು ಕಡೆ, ಕೂತಿದ್ದು ಇನ್ನೊಂದು ಕಡೆ. ದಂಡ ತೆತ್ತ ಮೇಲೆ ಅದು ನಮ್ ಜಾಗ. ಅದಕ್ಕೆ ಮುಂಚೆ ಸುಳ್ಳು ಜಾಗ ಕಣಪ್ಪ. ಸುಳ್ಳು ಜಾಗಕ್ಕೆ ಕೋಲು ಕೊಡಕೆ ನಂಗೆ ಬರಲ್ಲ."

ಲಾರಿ ಘಾಟಿ ಇಳಿಯಿತು. ನನ್ನ ಸಿಟ್ಟು ಎಲ್ಲೋ ಗೂಡಲೂರಿನ ತಿರುವಿನಲ್ಲಿ ಇಳಿದುಹೋಗಿತ್ತು. ಈ ಮನುಷ್ಯನ ಪಕ್ಕದಲ್ಲಿ ಕೂತು ಊರಿಗೆ ಹೋಗುತ್ತಿದ್ದೇನೆ ಎಂಬ ಸಂತೋಷವೇ ಉಳಿದಿತ್ತು.

ಮನೆಯಲ್ಲಿ ಅವನು ಎಲ್ಲವನ್ನೂ ಮುಚ್ಚಿಡದೆ ಹೇಳಿದ. ನಾನೂ ಜಗಲಿಯಲ್ಲೇ ಕೂತಿದ್ದೆ. ಹಮೀದಾ ಸೆರಗಿನಿಂದ ಕಣ್ಣೊರೆಸಿಕೊಂಡು, ಗೂಟದಲ್ಲಿದ್ದ ಕೋಟು ತೆಗೆದು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಕುಲ್ಸುಂ ಬೀ ಮಾತ್ರ ಕಪ್ ಬಗ್ಗೆ ಕೇಳಲಿಲ್ಲ, ಕಲ್ಕತ್ತದ ಬಗ್ಗೆಯೂ ಕೇಳಲಿಲ್ಲ.

"ಆ ಮುಳ್ಳು ಏನಾಯ್ತು ಬೇಟಾ? ದಾರೀಲೇ ಬಿಟ್ಟು ಬಂದ್ಯಾ?" ಎಂದರು.

"ಇಲ್ಲ ಅಮ್ಮಿ. ಆಟ ಮುಗಿದ ಮೇಲೆ ವಾಪಸ್ ಹೋಗಿ ಬೇಲಿ ಆಚೆ ಹಾಕಿ ಬಂದೆ."

"ಹಾಗಾದ್ರೆ ಕೈ ತೊಳ್ಕೋ, ರೊಟ್ಟಿ ಆರ್ತಾ ಇದೆ," ಎಂದು ಆಕೆ ಒಳಗೆ ಹೋದರು. ಪುಟ್ಟಮಾದು ಅಷ್ಟು ಹಾರ್ನ್ ಹೊಡೆದಾಗ ಇವನು ಎಲ್ಲಿದ್ದ ಎಂಬುದು ನನಗೆ ಆಗ ತಿಳಿಯಿತು.

ಊರು ಸುಮ್ಮನಿರುತ್ತದೆಯೇ? "ಏನ್ಲಾ, ಕಲ್ಕತ್ತದ ರೈಲು ಬಂಡೀಪುರದಲ್ಲೇ ಕೆಟ್ಟು ನಿಂತೋಯ್ತಾ?" ಎಂದು ಬೆಟ್ಟಯ್ಯನ ಅಂಗಡಿಯಲ್ಲಿ ದಿನವೂ ಒಬ್ಬರಲ್ಲ ಒಬ್ಬರು ಕೆಣಕುತ್ತಿದ್ದರು. ಹಿದಾಯತ್ ನಕ್ಕು ಟೀ ಕುಡಿದು ಎದ್ದು ಹೋಗುತ್ತಿದ್ದ. ಮತ್ತೆ ಅಪ್ಪನ ಪಕ್ಕ ಕೂತು ತಿದಿ ಒತ್ತತೊಡಗಿದ. ಕರ್ನಲ್ ಕಡೆಯಿಂದ ಕರೆ ಬರಲಿಲ್ಲ. ಅವನು ನಗುತ್ತಿದ್ದರೂ ಮೈಸೂರು ರಸ್ತೆಯಲ್ಲಿ ಕಾರಿನ ಸದ್ದಾದಾಗೆಲ್ಲ ಅವನ ಕೈ ತಿದಿಯ ಮೇಲೆ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ಸೀಸನ್ ಮುಗಿದು ಊಟಿಯ ಜನವೆಲ್ಲ ಕೆಳಗಿಳಿಯುವ ಕಾಲ. ಒಂದು ಬೆಳಿಗ್ಗೆ ಕರ್ನಲ್ ಕಾರು ನಮ್ಮ ಮಂಡಿಯ ಮುಂದೆ ಬಂದು ನಿಂತಿತು. ಸಾಹೇಬರು ಇಳಿದು ನೆಟ್ಟಗೆ ಕುಲ್ಸುಂ ಬೀ ಮನೆಯ ಜಗಲಿಗೆ ನಡೆದರು. ಬೆಟ್ಟಯ್ಯನ ಅಂಗಡಿಯಲ್ಲಿದ್ದ ಜನವೆಲ್ಲ ಲೋಟ ಹಿಡಿದುಕೊಂಡೇ ಬೀದಿಗೆ ಬಂತು. ಆಕೆ ಬಾಗಿಲ ಪರದೆ ಸರಿಸಿ ಸೆರಗು ತಲೆಗೆಳೆದುಕೊಂಡು ನಿಂತರು.

"ಅಮ್ಮ, ಚಳಿಗಾಲದಲ್ಲಿ ನಿಮ್ಮ ಮಗನನ್ನ ಕಲ್ಕತ್ತಕ್ಕೆ ಕರ್ಕೊಂಡು ಹೋಗ್ತೀನಿ," ಎಂದರು ಕರ್ನಲ್.

"ಕಪ್ ಸೋತ್ರಂತಲ್ಲ ಸಾಬ್?"

"ಸೋತೆ. ಬಹಳ ಸಿಟ್ಟೂ ಬಂದಿತ್ತು. ನನಗೆ ಸಿಟ್ಟು ಇಳಿಯೋದು ಸ್ವಲ್ಪ ತಡ, ಇವನಿಗೆ ಗೊತ್ತು. ಗೆದ್ದನಲ್ಲ ಆ ಕಲ್ಕತ್ತದವನು, ಹೊರಡೋ ದಿನ ನನ್ನ ಹತ್ತಿರ ಬಂದು ನಿಮ್ಮ ಮಗನನ್ನ ತನಗೆ ಕೊಡು ಅಂತ ಕೇಳಿದ. ಕೊಡಲ್ಲ ಅಂದೆ. ಅವನು ನನ್ನ ಕ್ಯಾಡಿ."

ಕುಲ್ಸುಂ ಬೀ ಒಳಗೆ ತಿರುಗಿ ಸೊಸೆಯನ್ನು ಕರೆದು, ಕೋಟು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕು ಎಂದರು. ಹಿದಾಯತ್ ಮಸಿ ಹಿಡಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ನಮ್ಮ ಪುಟ್ಟಮಾದು ಅಳುತ್ತಿದ್ದ, ಅದನ್ನು ಅವನು ಇವತ್ತಿಗೂ ಒಪ್ಪುವುದಿಲ್ಲ.

ಚಹಾ ಕುಡಿದು ಕರ್ನಲ್ ಕಾರಿನ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋದವರು ನಿಂತುಬಿಟ್ಟರು. ಯಾವುದೋ ಸೌದೆ ಗಾಡಿಯಿಂದ ಬಿದ್ದ ಜಾಲಿ ಮುಳ್ಳಿನ ಕಡ್ಡಿ ದಾರಿಯ ನಡುವೆ ಬಿದ್ದಿತ್ತು. ಅವರು ಅದನ್ನು ನೋಡಿದರು, ಸುತ್ತ ಒಂದು ಸಲ ಕಣ್ಣಾಡಿಸಿದರು.

"ಹಿದಾಯತ್, ಸರಿಯಾಗಿ ನೋಡು. ಹತ್ತಿರದಲ್ಲಿ ಎಲ್ಲೂ ಚೆಂಡಿಲ್ಲ ತಾನೇ?"

"ಇಲ್ಲ ಸಾಬ್," ಎಂದ ಹಿದಾಯತ್.

ಕರ್ನಲ್ ಸಾಹೇಬರು ಇಡೀ ಬೀದಿ ನೋಡುತ್ತಿದ್ದ ಹಾಗೆ ಸೊಂಟ ಬಗ್ಗಿಸಿ, ಆ ಮುಳ್ಳು ಎತ್ತಿ ಚರಂಡಿಯ ಆಚೆ ಹಾಕಿ, ಕೈ ಒರೆಸಿಕೊಂಡು ಕಾರು ಹತ್ತಿದರು.