ಸಾಕ್ಷಿಯ ಪಕ್ಕದ ಕುರ್ಚಿ

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹೂಂ ಅಕ್ಕ ಅಂತ. ಬೀದಿಯ ತುದಿಯಲ್ಲಿ ಅವಳದೊಂದು ಪಾರ್ಲರ್ ಇತ್ತು. ಉದ್ದನೆಯ ಕನ್ನಡಿ, ಎರಡು ತಿರುಗುವ ಕುರ್ಚಿ, ಸದಾ ಬುಸುಗುಡುವ ಬಾಯ್ಲರ್, ಮೂಲೆಯಲ್ಲಿ ಗುಡಿಸಿಟ್ಟ ಕೂದಲಿನ ತಗಡಿನ ಡಬ್ಬ. ಹೆಂಗಸರು ಬರುತ್ತಿದ್ದದ್ದು ಕೂದಲು ಕತ್ತರಿಸಿಕೊಳ್ಳಲಿಕ್ಕೆ ಅಂತ ಹೆಸರಿಗೆ ಮಾತ್ರ. ನಿಜವಾಗಿ ಬರುತ್ತಿದ್ದದ್ದು ಹೊಟ್ಟೆಯೊಳಗಿನ ಭಾರ ಇಳಿಸಿ ಹೋಗಲಿಕ್ಕೆ. ಅವಳು ಹಿಂದೆ ನಿಂತು ಬಾಚಣಿಗೆ ಆಡಿಸುತ್ತ ಹೂಂ ಅನ್ನುವಳು. ಅತ್ತೆಯ ಕಾಟಕ್ಕೆ ಒಂದು ಹೂಂ, ಗಂಡನ ಕುಡಿತಕ್ಕೆ ಇನ್ನೊಂದು, ಯಾರಿಗೂ ಹೇಳಬಾರದ ಗುಟ್ಟಿಗೆ ಮೆತ್ತಗೆ ಮತ್ತೊಂದು. ಕಥೆ ಹೇಳುವವರು ಎಷ್ಟೇ ಜಾಣರಿರಲಿ, ಹೂಂಗುಟ್ಟುವವರು ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದುಂಟೆ? ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಮಾತ್ರ, ಆ ಹೂಂ ನಂಬಿ ಮದುವೆಯಾದೆ, ಆಮೇಲೆ ಮನೆಯಲ್ಲಿ ನನ್ನ ಮಾತಿಗೆ ಒಂದು ದಿನವೂ ಹೂಂ ಅಂದವಳಲ್ಲ ಎಂದು ಎಲ್ಲರೆದುರೂ ದೂರುತ್ತಿದ್ದ.

ಯುದ್ಧ ಬಂತು, ಹೋಯಿತು. ಹೋಗುವಾಗ ಸುಮ್ಮನೆ ಹೋಗಲಿಲ್ಲ. ಊರಾಚೆಯ ಇಟ್ಟಿಗೆ ಗೂಡಿನ ಹತ್ತಿರ ಒಂದು ಬೆಳಗ್ಗೆ ಗಂಡಸರನ್ನು ಸಾಲಾಗಿ ನಿಲ್ಲಿಸಿದರು, ಸಂಜೆಗೆ ಗೂಡಿನ ಸುತ್ತಲಿನ ಬೀದಿಗಳಲ್ಲಿ ಗಂಡಸರೇ ಇರಲಿಲ್ಲ. ಮಾಡಿದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ದೂರದೇಶದ ದೊಡ್ಡ ಕೋರ್ಟಿನವರು ಬಂದು ಪಾರ್ಲರಿನ ಮೇಲಿನ ಮಹಡಿ ಬಾಡಿಗೆಗೆ ಹಿಡಿದರು. ಅವರು ಮೇಲೆ ಕುರ್ಚಿ ಹಾಕಿಕೊಂಡು ಕಾದರು, ಒಂದು ನರಪಿಳ್ಳೆಯೂ ಮೆಟ್ಟಿಲು ಹತ್ತಲಿಲ್ಲ. ಅದೇ ಹೆಂಗಸರು ಕೆಳಗೆ ಕನ್ನಡಿಯ ಮುಂದೆ ಕೂತು ಎಲ್ಲ ಹೇಳುತ್ತಿದ್ದರು. ಇದು ಕಣ್ಣಿಗೆ ಬಿದ್ದದ್ದು ಆ ಕಚೇರಿಯ ವಕೀಲಮ್ಮನಿಗೆ. ನಮ್ಮ ಮಾತನ್ನು ಪುಸ್ತಕದಿಂದ ಕಲಿತು ಪುಸ್ತಕದ ಹಾಗೇ ಆಡುತ್ತಿದ್ದ ಆಕೆ ಒಂದು ದಿನ ಕೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ಬಂದು ಅಕ್ಕನಿಗೆ ಕೆಲಸ ಕೊಟ್ಟೇಬಿಟ್ಟಳು. ಮನೆಮನೆಗೆ ಹೋಗುವುದು, ಕೇಳುವುದು, ಹೇಳಲು ಒಪ್ಪಿದವರನ್ನು ಕರೆತರುವುದು.

ಕೆಲಸಕ್ಕೆ ಸೇರಿದವರಿಗೆಲ್ಲ ವಕೀಲಮ್ಮ ಪಾಠ ಮಾಡಿದಳು. ಒಬ್ಬನನ್ನು ಕೊಂದವನಿಗೆ ಎಲ್ಲ ಊರಲ್ಲೂ ಕೋರ್ಟಿದೆ, ಊರನ್ನೇ ಕೊಂದವನಿಗೆ ಬಹಳ ಕಾಲ ಎಲ್ಲೂ ಇರಲಿಲ್ಲವಂತೆ. ದೊರೆ ಮಾಡಿದ್ದು ದೇಶವೇ ಮಾಡಿದ ಲೆಕ್ಕ, ದೇಶವನ್ನು ಜೈಲಿಗೆ ಹಾಕುವುದು ಹೇಗೆ? ಮೊದಲನೆಯ ಮಹಾಯುದ್ಧ ಮುಗಿದಾಗ ಸೋತ ಚಕ್ರವರ್ತಿಯ ವಿಚಾರಣೆ ಮಾಡುತ್ತೇವೆ ಎಂದು ಒಪ್ಪಂದದಲ್ಲೇ ಬರೆದರು. ಅವನು ಅಷ್ಟರಲ್ಲಾಗಲೇ ಪಕ್ಕದ ದೇಶಕ್ಕೆ ಓಡಿಹೋಗಿದ್ದ, ಅಲ್ಲೇ ಸೌದೆ ಕಡಿದುಕೊಂಡು ಮುದುಕನಾಗಿ ಹಾಸಿಗೆಯ ಮೇಲೆ ಸತ್ತ. ಎರಡನೆಯದು ಮುಗಿದಾಗ ಗೆದ್ದವರು ಬಿಡಲಿಲ್ಲ, ಸೋತ ನಾಯಕರನ್ನು ಕಟಕಟೆ ಹತ್ತಿಸಿದರು. ಮೇಲಿನವರು ಹೇಳಿದ್ದಕ್ಕೆ ನಾನು ಮಾಡಿದೆ ಎಂದು ಯಾರೂ ಕೈತೊಳೆದುಕೊಳ್ಳುವಂತಿಲ್ಲ, ಹೇಳಿದ ಮೇಲಿನವನೂ ಉತ್ತರ ಕೊಡಬೇಕು ಎಂಬ ಮಾತು ಗಟ್ಟಿಯಾದದ್ದು ಆಗ. ಗೆದ್ದವರ ತಪ್ಪನ್ನು ಮಾತ್ರ ಯಾರೂ ಕೇಳಲಿಲ್ಲ, ಬಿಡಿ. ಆಮೇಲೆ ಹೆಚ್ಚುಕಡಿಮೆ ಅರ್ಧ ಶತಮಾನ ಎಲ್ಲರಿಗೂ ಜಾಣ ಮರೆವು. ಮತ್ತೆರಡು ಕಡೆ ಹೆಣಗಳ ರಾಶಿ ಬಿದ್ದ ಮೇಲೆ ಒಂದೊಂದಕ್ಕೆ ಒಂದೊಂದು ಕೋರ್ಟು, ಕೊನೆಗೆ ಬಹಳಷ್ಟು ದೇಶಗಳು ಸಹಿ ಹಾಕಿ ಕಾಯಂ ಆಗಿ ಒಂದು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯ್ತಲ್ಲ ಎಂದಳು ಅಕ್ಕ. ಬಾಗಿಲೇ ಇಲ್ಲದ ಕೋಟೆಗಿಂತ ವಾಸಿಯಲ್ಲವೇ ಎಂದಳು ವಕೀಲಮ್ಮ. ಅದಕ್ಕೂ ಅಕ್ಕ ಹೂಂ ಅಂದಳು.

ಇಟ್ಟಿಗೆ ಗೂಡಿನ ಹತ್ತಿರದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಜೀವಮಾನವೆಲ್ಲ ಇಟ್ಟಿಗೆ ಹೊತ್ತು ನಡುನೆತ್ತಿಯ ಕೂದಲು ಸವೆದಿತ್ತು, ಎಲ್ಲರ ಬಾಯಲ್ಲೂ ಅವಳು ಇಟ್ಟಿಗೆಯಮ್ಮ. ಆ ಬೆಳಗ್ಗೆ ಮಗನಿಗೆ ಬುತ್ತಿ ಒಯ್ದವಳು ಒಣಗಲು ಪೇರಿಸಿದ್ದ ಹಸಿ ಇಟ್ಟಿಗೆಯ ಗೋಡೆಯ ಹಿಂದೆ ಸಿಕ್ಕಿಬಿದ್ದಿದ್ದಳು. ಅಪ್ಪಣೆ ಕೊಟ್ಟವನನ್ನು ಕಣ್ಣಾರೆ ಕಂಡು ಬದುಕುಳಿದವಳು ಅವಳೊಬ್ಬಳೇ. ಅವಳ ಬಾಯಿ ಬಿಡಿಸಲು ಅಕ್ಕ ಎಷ್ಟು ಸಲ ಆ ಜಗಲಿಯಲ್ಲಿ ಕೂತಳೋ! ಮೊದಮೊದಲು ಸೊಸೆ ಬಾಗಿಲನ್ನೇ ತೆರೆಯಲಿಲ್ಲ. ಗಂಡನನ್ನು ಕಳೆದುಕೊಂಡವಳು, ಇರುವ ಅತ್ತೆಯನ್ನೂ ಯಾರಾದರೂ ಮುಗಿಸಿಯಾರು ಅನ್ನುವ ಭಯ ಅವಳಿಗೆ. ಕೊನೆಗೆ ಮುದುಕಿಯೇ ಒಪ್ಪಿದಳು. ಅವಳು ಕೇಳಿದ್ದು ಒಂದೇ. ಶಿಕ್ಷೆ ಎಷ್ಟಾದರೂ ಕೊಡಲಿ, ತನ್ನ ಮಗನನ್ನು ಕೊಲ್ಲಿಸಿದವನು ಇಂಥವನೇ ಎಂದು ಆ ದೊಡ್ಡವರು ತಮ್ಮ ಬಾಯಿಂದ ಹೇಳಬೇಕು. ಹೇಳಿಯೇ ಹೇಳುತ್ತಾರೆ ಎಂದು ಮಾತು ಕೊಟ್ಟವಳು ಅಕ್ಕ.

ಅಕ್ಕ ಜೊತೆಗಿಲ್ಲದಿದ್ದರೆ ವಿಮಾನ ಹತ್ತುವುದಿಲ್ಲ ಎಂದು ಮುದುಕಿ ಹಟ ಹಿಡಿದದ್ದರಿಂದ, ಸಾಕ್ಷಿಯ ಪಕ್ಕದಲ್ಲಿ ಕೂರಲು ಅವಳಿಗೆ ವಿಶೇಷ ಅನುಮತಿ ಸಿಕ್ಕಿತು. ಹೆದರಿದ ಸಾಕ್ಷಿಗೆ ಆಸರೆಯಾಗಿ ಒಬ್ಬರು ಕೂರುವುದು ಆ ಕೋರ್ಟಿನಲ್ಲಿ ಇರುವ ಪದ್ಧತಿಯೇ. ಆದರೆ ಕೂತವರು ಮಾತಾಡಬಾರದು, ಮುಟ್ಟಬಾರದು, ತಲೆ ಆಡಿಸಬಾರದು. ನೀರಿನ ಲೋಟ ಸರಿಸಬಹುದು, ಅಷ್ಟೆ. ಮುಖ್ಯ ನ್ಯಾಯಾಧೀಶರು ಅದನ್ನು ಬಿಡಿಸಿ ಹೇಳಿ, ಅರ್ಥವಾಯಿತೇ ಎಂದು ಕೇಳಿದರು. ಅರ್ಥವಾಯಿತು ಎಂದು ಅಕ್ಕ ಒಪ್ಪಿಕೊಂಡಳು.

ಅಲ್ಲಿ ಕಟಕಟೆ ಅಂತ ಇರಲಿಲ್ಲ. ಆರೋಪ ಹೊತ್ತ ಸೈನ್ಯದ ಕಮಾಂಡರ್ ಮತ್ತು ಅವನ ಕೈಕೆಳಗಿನವನು, ಇಬ್ಬರೂ ಬೂದು ಬಣ್ಣದ ಸೂಟು ತೊಟ್ಟು, ಬ್ಯಾಂಕಿನ ಮ್ಯಾನೇಜರುಗಳ ಹಾಗೆ ವಕೀಲರ ಹಿಂದಿನ ಸಾಲಿನಲ್ಲಿ ಕೂತಿದ್ದರು. ಇಬ್ಬರೂ ಆ ಬೆಳಗ್ಗೆ ಗೂಡಿನ ಹತ್ತಿರ ಇದ್ದದ್ದಕ್ಕೆ ತಕರಾರಿರಲಿಲ್ಲ. ಅಪ್ಪಣೆ ಕೊಟ್ಟವರು ಯಾರು ಅನ್ನುವುದೇ ಪ್ರಶ್ನೆ. ಮುದುಕಿ ಮೂರು ದಿನ ತಡವರಿಸದೆ ಹೇಳಿದಳು. ಕೊನೆಯಲ್ಲಿ ಆರೋಪ ಹೊರಿಸಿದ ಕಡೆಯ ವಕೀಲರು ಕೇಳಿದರು, ಕೊಲ್ಲಿ ಎಂದವನು ಈ ಕೋಣೆಯಲ್ಲಿದ್ದರೆ ತೋರಿಸುತ್ತೀರಾ. ಮುದುಕಿ ಆ ಸಾಲನ್ನು ನೋಡಿದಳು. ಕೈ ಅರ್ಧ ಎತ್ತಿದಳು. ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿ ಪಕ್ಕಕ್ಕೆ ತಿರುಗಿ ಅಕ್ಕನ ಮುಖ ನೋಡಿದಳು.

ಅಕ್ಕ ಹೂಂ ಅಂದಳು.

ಮೆತ್ತಗೇ ಅಂದಳು, ಜೊತೆಗೆ ಗದ್ದ ಒಂದು ಚೂರು ಕಮಾಂಡರ್ ಕಡೆಗೆ ವಾಲಿತು. ಮುದುಕಿ ತಿರುಗಿ ಕಮಾಂಡರನ್ನೇ ತೋರಿಸಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಚೆ ಕಡೆಯ ವಕೀಲ ಎದ್ದು ನಿಂತಾಗಿತ್ತು. ಸಾಕ್ಷಿಯ ಮುಂದೆ ವಾದ ನಡೆಸಬಾರದು ಎಂಬ ನಿಯಮವಿದ್ದದ್ದರಿಂದ ಮುದುಕಿಯನ್ನು ಹೊರಗೆ ಕರೆದೊಯ್ದು ಬಿಸ್ಕತ್ತು ಕೊಟ್ಟು ಕೂರಿಸಿದರು. ಒಳಗೆ ಏನಾಯಿತೆಂದು ಅವಳಿಗೆ ಗೊತ್ತಾಗಲೇ ಇಲ್ಲ. ವಾಪಸು ಬರುವಾಗ ವಿಮಾನದಲ್ಲಿ ಅಕ್ಕನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು.

ವಕೀಲಮ್ಮ ಒಳ್ಳೆಯ ಹೆಂಗಸು. ಅಭ್ಯಾಸಬಲ, ಬೇಕೆಂದು ಮಾಡಿದ್ದಲ್ಲ ಎಂದು ನ್ಯಾಯಾಧೀಶರಿಗೆ ಬರೆದುಕೊಟ್ಟಳು, ಅವರೂ ಎಚ್ಚರಿಕೆ ಕೊಟ್ಟು ಬಿಟ್ಟರು. ಅಕ್ಕ ಕಚೇರಿಯಲ್ಲಿ ಎಲ್ಲರಿಗೂ ಅದನ್ನೇ ಹೇಳಿದಳು, ಗಂಡನಿಗೂ. ಆದರೆ ಮನಸ್ಸಿಗೆ ಯಾವ ವಕೀಲನೂ ಬೇಕಿಲ್ಲವಲ್ಲ. ಕಮಾಂಡರನ ಫೋಟೋ ಕಚೇರಿಯ ಗೋಡೆಯ ಮೇಲೆ ವರ್ಷಗಟ್ಟಲೆ ಕಂಡವಳು ಅವಳು. ಮುದುಕಿ ಎಲ್ಲಿ ತಪ್ಪಿ ಇನ್ನೊಬ್ಬನನ್ನು ತೋರಿಸಿಬಿಡುತ್ತಾಳೋ ಎಂದು ಆ ಒಂದು ಗಳಿಗೆ ಅವಳು ಹೆದರಿದ್ದಳು. ಅದು ಅಭ್ಯಾಸದ ಹೂಂ ಆಗಿರಲಿಲ್ಲ, ಹೇಳಿಕೊಟ್ಟ ಹೂಂ. ಆಮೇಲೆ ಬೀದಿಯಲ್ಲಿ ಯಾರು ಹೂಂ ಅಕ್ಕ ಎಂದು ಕರೆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ಅವಳದಾಯಿತು.

ತೀರ್ಪು ಬಂತು. ಬೇರೆ ಮೂರು ಊರುಗಳ ಕೊಲೆಗೆ ಕಮಾಂಡರ್ ತಪ್ಪಿತಸ್ಥ, ಸಾಯುವ ತನಕ ಜೈಲು. ಪೇಪರುಗಳು ನ್ಯಾಯ ಗೆದ್ದಿತು ಎಂದು ಹೊಗಳಿದವು. ಇಟ್ಟಿಗೆ ಗೂಡಿನ ಆರೋಪ ಮಾತ್ರ ಬಿದ್ದುಹೋಯಿತು. ಸಾಕ್ಷಿಗೆ ಪಕ್ಕದಿಂದ ಸೂಚನೆ ಹೋದದ್ದರಿಂದ ಗುರುತು ಹಿಡಿದದ್ದನ್ನು ನಂಬಲಾಗದು, ಅಪ್ಪಣೆ ಯಾರದೆಂದು ಸಂಶಯಾತೀತವಾಗಿ ಸಾಬೀತಾಗಿಲ್ಲ ಎಂದು ಬರೆದಿದ್ದರು. ಮೇಲ್ಮನವಿಯಲ್ಲೂ ಅದೇ ನಿಂತಿತು.

ತೀರ್ಪನ್ನು ಮನೆಮನೆಗೆ ಹೋಗಿ ವಿವರಿಸುವುದೂ ಅಕ್ಕನ ಕೆಲಸವೇ. ಇಟ್ಟಿಗೆಯಮ್ಮನಿಗೆ ಸಾಕ್ಷ್ಯ ಸಾಲಲಿಲ್ಲ ಎಂದಷ್ಟೇ ಹೇಳಿದರೆ ಸಾಕು, ಅದು ಸುಳ್ಳೂ ಅಲ್ಲ, ಅದಕ್ಕಿಂತ ಹೆಚ್ಚು ಹೇಳಿ ಆಕೆಯನ್ನು ನೋಯಿಸುವುದೇಕೆ ಎಂದಳು ವಕೀಲಮ್ಮ. ಹೆಚ್ಚು ಹೇಳಿದರೆ ಉಳಿದ ಮನೆಗಳ ಬಾಗಿಲೂ ಮುಚ್ಚುತ್ತವೆ, ಆಮೇಲೆ ಈ ಕಚೇರಿಯಲ್ಲಿ ನಿನಗೆ ಕೆಲಸವಿರುವುದಿಲ್ಲ ಎಂಬುದನ್ನೂ ಮೆತ್ತಗೆ ಸೇರಿಸಿದಳು. ಅಕ್ಕನಿಗೆ ಆ ಸಲಹೆ ಕೇಳಿ ಹೋದ ಉಸಿರು ಬಂದಂತಾಯಿತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮಧ್ಯಾಹ್ನ ಜಗಲಿಯಲ್ಲಿ ಮುದುಕಿ ಸೊಪ್ಪು ಬಿಡಿಸುತ್ತಿದ್ದಳು. ಅಕ್ಕ ಕೂತು ಕಲಿತ ಪಾಠ ಒಪ್ಪಿಸಿದಳು. ಮುದುಕಿ ಪೂರ್ತಿ ಕೇಳಿದಳು, ಕೇಳುತ್ತ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಕೇಳಿದಳು, "ಹಾಗಾದ್ರೆ ನನ್ನ ಮಗನ್ನ ಕೊಲ್ಲಿಸಿದೋರು ಯಾರು ಅಂತ ಬರೆದಿದ್ದಾರೆ?"

"ಯಾರು ಅಂತಾನೂ ಬರೆದಿಲ್ಲಮ್ಮ."

ಮುದುಕಿ ಇನ್ನೊಂದು ಕಡ್ಡಿಯ ಸೊಪ್ಪು ಬಿಡಿಸಿದಳು. "ನನ್ನಿಂದಾನೇ ಹಾಳಾಯ್ತು. ಕೈ ಎತ್ತಿ ನಿಲ್ಲಿಸ್ಬಿಟ್ಟೆ ನೋಡು, ಅವರಿಗೆ ಅನುಮಾನ ಬಂತು. ನಾನು ವಾಪಸು ಬಂದಾಗಿಂದ ಇವಳೂ ದಿನಾ ಅದನ್ನೇ ಅಂತಾಳೆ" ಎಂದು ಒಳಗಿದ್ದ ಸೊಸೆಯ ಕಡೆ ತಲೆ ತಿರುಗಿಸಿದಳು. "ಅಷ್ಟು ದೂರ ಹೋಗಿ ಒಬ್ಬನ್ನ ನೆಟ್ಟಗೆ ತೋರಿಸೋಕಾಗ್ಲಿಲ್ವಾ ನಿಂಗೆ ಅಂತಾಳೆ. ಅನ್ನಲಿ. ಹೆತ್ತ ತಾಯಿ ನಾನು, ಆಗ್ಲಿಲ್ವಲ್ಲ."

ಅಕ್ಕನ ಕೈಯಲ್ಲಿ ಕೆಲಸವಿತ್ತು, ಬಾಯಲ್ಲಿ ಕಲಿತ ಮಾತಿತ್ತು. ಎದ್ದು ಹೊರಟುಬಿಟ್ಟಿದ್ದರೆ ಯಾರೂ ಕೇಳುವವರಿರಲಿಲ್ಲ. ಎದ್ದದ್ದೂ ಹೌದು, ಚಪ್ಪಲಿಯಲ್ಲಿ ಒಂದು ಕಾಲು ಇಟ್ಟದ್ದೂ ಹೌದು. ಆದರೆ ಇನ್ನೊಂದು ಕಾಲು ಬರಲಿಲ್ಲ. ತನ್ನ ತಪ್ಪನ್ನು ಈ ಮುದುಕಿ ಸಾಯುವ ತನಕ ಇಟ್ಟಿಗೆಯ ಹಾಗೆ ತಲೆಯ ಮೇಲೆ ಹೊರುತ್ತಾಳಲ್ಲ ಅನ್ನಿಸಿತು. ಮತ್ತೆ ಕೂತಳು. ಹೇಳಿದಳು. ಹೂಂ ಅಂದದ್ದು, ಗದ್ದ ತೋರಿಸಿದ್ದು, ಫೋಟೋ ನೋಡಿದ್ದು, ಅವಳನ್ನು ಹೊರಗೆ ಕಳಿಸಿದ ಮೇಲೆ ಒಳಗೆ ನಡೆದದ್ದು, ಇಷ್ಟು ದಿನ ಮುಚ್ಚಿಟ್ಟದ್ದು. ನೀವು ತಪ್ಪಿ ಇನ್ನೊಬ್ಬನನ್ನು ತೋರಿಸಿಬಿಡುತ್ತೀರಿ ಅಂತ ಹೆದರಿದೆ ಎಂದದ್ದೇ ಎಲ್ಲಕ್ಕಿಂತ ಕಷ್ಟದ ಮಾತಾಯಿತು.

ಮುದುಕಿಯ ಕೈ ನಿಂತಿತು.

"ತಪ್ಪಿ ತೋರಿಸ್ತೀನಾ? ಆ ಮುಖ ನಾನು ಮರೀತೀನಾ? ಕಂಡ ತಕ್ಷಣ ಗೊತ್ತಾಯ್ತು. ಅವನು ನನ್ನನ್ನೇ ನೋಡ್ತಿದ್ದ ಕಣೇ. ನೋಡೋಕಾಗ್ಲಿಲ್ಲ, ಅದಕ್ಕೆ ಈ ಕಡೆ ತಿರುಗಿದೆ. ಒಂದು ಗಳಿಗೆ ನಿನ್ನ ಮುಖ ನೋಡಿ ಸುಧಾರಿಸ್ಕೊಳ್ಳೋಣ ಅಂತ. ನಿನ್ನನ್ನ ಏನೂ ಕೇಳಿರಲಿಲ್ಲ ನಾನು."

ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. ಬಯ್ಯಲಿ, ಎದ್ದು ಎರಡು ಬಾರಿಸಲಿ ಎಂದು ಕಾದಳು. ಇನ್ನೊಂದು ಸಲ ಕರೆದರೆ ಹೋಗಿ ಹೇಳುತ್ತೇನೆ, ಒಬ್ಬಳೇ ಹೋಗುತ್ತೇನೆ, ಯಾವಾಗ ಕರೆಯುತ್ತಾರೆ ಎಂದು ಮುದುಕಿ ಕೇಳಿದಳು. ಇನ್ನು ಕರೆಯುವುದಿಲ್ಲ, ಒಮ್ಮೆ ಮುಗಿದ ಆರೋಪವನ್ನು ಮತ್ತೆ ತೆಗೆಯುವುದಿಲ್ಲ ಎಂದು ಅದನ್ನೂ ಅಕ್ಕನೇ ಹೇಳಬೇಕಾಯಿತು.

ಮುದುಕಿ ಮಡಿಲಲ್ಲಿದ್ದ ಸೊಪ್ಪನ್ನೆಲ್ಲ ಮೊರಕ್ಕೆ ಕೊಡವಿ, ಒಳಗಿನಿಂದ ಸೊಸೆಯನ್ನು ಕರೆದಳು. ಸೊಸೆ ಹಿಟ್ಟಿನ ಕೈಯಲ್ಲೇ ಬಂದು ಹೊಸ್ತಿಲ ಮೇಲೆ ನಿಂತಳು.

"ನನಗೆ ಹೇಳಿದ್ದನ್ನ ಇವಳಿಗೂ ಹೇಳು" ಎಂದಳು ಮುದುಕಿ. "ಎಲ್ಲಾ ಹೇಳು. ನಾನು ಹೇಳಿದ್ರೆ ನಂಬಲ್ಲ."

ಸೊಸೆ ಕಾದಳು. ಅಕ್ಕ ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ ಮುದುಕಿಯ ಮುಖ ನೋಡಿದಳು. ಮುದುಕಿ ಅವಳ ಪಕ್ಕಕ್ಕೇ ಸರಿದು ಕೂತಿದ್ದಳು, ಆದರೆ ಕಣ್ಣು ಬೀದಿಯ ಕಡೆಗಿತ್ತು. ಅಕ್ಕ ಸೊಸೆಯ ಕಡೆ ತಿರುಗಿ ಮೊದಲಿನಿಂದ ಹೇಳತೊಡಗಿದಳು.