ವರನಿಲ್ಲದ ದಿಬ್ಬಣ

ಧಿಂ ಧಿನಕ್ ಧಿಂ! ಎರಡು ಚಳಿಗಾಲಗಳ ಹಿಂದೆ ಅಹಮದಾಬಾದಿನ ಬೋಡಕ್‌ದೇವ್‌ನ ನಮ್ಮ ಗಲ್ಲಿಯಲ್ಲಿ, ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಮದುವೆಯ ಢೋಲು ಕೇಳಿಸುತ್ತಿತ್ತು. ಯಾರ ಮದುವೆಯೂ ಇರಲಿಲ್ಲ. ಮೊದಲ ದಿನ ಹಲ್ಲುಜ್ಜುವ ಬ್ರಶ್ಶುಗಳ ಸಮೇತ ಬಾಲ್ಕನಿಗಳಲ್ಲಿ ಪ್ರತ್ಯಕ್ಷರಾದ ನೆರೆಹೊರೆಯವರು ಕುದುರೆಯನ್ನೂ ವರನನ್ನೂ ಹುಡುಕಿ, ಎರಡೂ ಸಿಗದೆ, ಢೋಲಿನ ಹಿಂದೆ ಜೋಡಿಜೋಡಿಯಾಗಿ ನಡೆಯುತ್ತಿದ್ದ ಶಾಲಾಮಕ್ಕಳನ್ನೂ ಆ ಸಾಲಿನ ಬಾಲದಲ್ಲಿ ಛತ್ರಿ ಊರಿಕೊಂಡು ಬರುತ್ತಿದ್ದ ನನ್ನನ್ನೂ ಕಂಡು, ವಯಸ್ಸಾದಂತೆ ಮನುಷ್ಯರಿಗೆ ಏನೇನೋ ಆಗುತ್ತದೆ ಎಂಬ ಕರುಣಾಪೂರ್ಣ ತೀರ್ಮಾನಕ್ಕೆ ಬಂದು ಒಳಗೆ ಹೋದರು. ತೀರ್ಮಾನ ಪೂರ್ತಿ ತಪ್ಪಲ್ಲ. ಆದರೆ ನಮಗೆ ಹುಚ್ಚು ಹಿಡಿಸಿದ್ದು ವಯಸ್ಸಲ್ಲ, ರಸ್ತೆ.

ನನ್ನ ಮೊಮ್ಮಗಳು ಅನ್ವಿಯ ಶಾಲೆ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಿಂದಲೇ ಕಾಣಿಸುತ್ತದೆ. ಅಲ್ಲಿನ ಅಸೆಂಬ್ಲಿಯ ಪ್ರಾರ್ಥನೆಗೆ ನಾನು ನನ್ನ ಅಡುಗೆಮನೆಯಲ್ಲಿ ನಿಂತು ಕೈಮುಗಿಯಬಹುದು. ನಡುವೆ ಇರುವುದು ಒಂದೇ ರಸ್ತೆ. ಆ ಒಂದು ರಸ್ತೆಯನ್ನು ದಾಟಲಾಗದೆ ಆರನೇ ಕ್ಲಾಸಿನ ಈ ಹುಡುಗಿ ಭರಣಿಯೊಳಗಿನ ಮಾವಿನ ಮಿಡಿಯಂತೆ ವ್ಯಾನಿನಲ್ಲಿ ಒತ್ತಿಕೊಂಡು, ಫ್ಲೈಓವರಿನವರೆಗೆ ಹೋಗಿ, ಅದರಡಿಯಲ್ಲಿ ಯೂ-ಟರ್ನ್ ಹೊಡೆದು, ಅರ್ಧ ಅಹಮದಾಬಾದಿನ ಪ್ರದಕ್ಷಿಣೆ ಮುಗಿಸಿ, ಮನೆಯ ಎದುರಿಗೇ ಬಂದು ಇಳಿಯುತ್ತಿದ್ದಳು. ಅಪ್ಪ ಕೊಡಿಸಿದ ನೀಲಿ ಸೈಕಲ್ಲು ಬೇಸ್‌ಮೆಂಟಿನ ಕಂಬಗಳ ಸುತ್ತ ಗಾಣದೆತ್ತಿನಂತೆ ತಿರುಗುತ್ತಿತ್ತು. ಅದರಲ್ಲಿ ಶಾಲೆಗೆ ಹೋಗಬೇಕೆಂಬುದೊಂದೇ ಅವಳ ಹಠ. ಚಂದ್ರನನ್ನೇನೂ ಕೇಳಿರಲಿಲ್ಲ, ಪೂರ್ ಚೈಲ್ಡ್.

ನನ್ನ ಸೊಸೆ ಶುಭಾ ಬೆಳೆದದ್ದು ವಡೋದರಾದಲ್ಲಿ, ಅವಳ ತಂದೆಯ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ನಾಲಿಗೆ ಮಾತ್ರ ಇನ್ನೂ ಕರಾವಳಿಯದೇ. ಹಿಂದಿನ ವರ್ಷ ಅದೇ ಶಾಲೆಯ ಹುಡುಗಿಯೊಬ್ಬಳಿಗೆ ರಾಂಗ್ ಸೈಡಿನಲ್ಲಿ ಬಂದ ಸ್ಕೂಟರು ಗುದ್ದಿ ಕಾಲು ಮುರಿದಿತ್ತು. ಅಂದಿನಿಂದ ಶುಭಾಳದು ಒಂದೇ ಮಾತು.

“ಎಂತ ಅತ್ತೆ ನೀವು? ಅವಳಿಗೆ ಸೈಕಲ್ ಬಿಡ್ಲಿಕ್ಕೆ ಬರ್ತದೆ. ಈ ಊರಿನವರಿಗೆ ಗಾಡಿ ಬಿಡ್ಲಿಕ್ಕೆ ಬರುದಿಲ್ಲ. ನಾನು ಕಳಿಸುದಿಲ್ಲ ಅಂದ್ರೆ ಕಳಿಸುದಿಲ್ಲ, ಆಯ್ತಾ?”

ಆಯ್ತು ಎನ್ನದೆ ಗತಿ ಇರಲಿಲ್ಲ. ಅವಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನಮ್ಮಲ್ಲಿ ಫುಟ್‌ಪಾತ್ ಇಲ್ಲವೆಂದರೆ ಅನ್ಯಾಯವಾದೀತು. ಇದೆ. ಅದನ್ನು ಹತ್ತಲು ಯೌವನ ಬೇಕು, ಅಷ್ಟೆ. ಹತ್ತಿದ ಮೇಲೆ ಮೊದಲು ವಿದ್ಯುತ್ತಿನ ಪೆಟ್ಟಿಗೆ, ಆಮೇಲೆ ವಾಚ್‌ಮನ್ನನ ಕುರ್ಚಿ, ಅದರಾಚೆ ನಮ್ಮದೇ ಸೊಸೈಟಿಯ ಸೆಕ್ರೆಟರಿಯವರು ‘ಬ್ಯೂಟಿಫಿಕೇಶನ್’ ಎಂದು ಸಾಲಾಗಿ ಇರಿಸಿದ ಹೂಕುಂಡಗಳು ಎದುರಾಗುತ್ತವೆ. ಅಂತೂ ಇಳಿದು ನಡೆಯುವುದೇ ಕ್ಷೇಮ. ಫುಟ್‌ಪಾತಿನ ಪಕ್ಕದಲ್ಲಿ ಹಸಿರು ಬಣ್ಣ ಬಳಿದ ಸೈಕಲ್ ಟ್ರ್ಯಾಕ್ ಕೂಡ ಇದೆ. ಅದರ ಮೇಲೆ ಮುದ್ದಾಗಿ ಒಂದು ಬಿಳಿ ಸೈಕಲ್ಲಿನ ಚಿತ್ರ. ಆ ಚಿತ್ರದ ಮೇಲೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ, ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಂದಿರ ಕಾರುಗಳು. ಯಾಕಪ್ಪಾ ಕಾರು ತಂದಿರಿ ಎಂದರೆ, ಇಷ್ಟೊಂದು ಕಾರುಗಳ ನಡುವೆ ಮಗುವನ್ನು ನಡೆಸುವುದು ಹೇಗೆ ಆಂಟೀ ಎನ್ನುತ್ತಾರೆ. ಇದಕ್ಕೆ ಏನು ಹೇಳುತ್ತೀರಿ, ಓದುಗ ಮಹಾಶಯರೇ? ನಾನಂತೂ ಮನೆಗೆ ಬಂದು ಬಿಪಿ ಮಾತ್ರೆ ನುಂಗಿದೆ.

ವಾರ್ಡ್ ಆಫೀಸಿಗೂ ಹೋದೆ. ಅಲ್ಲಿನ ಅಧಿಕಾರಿ ಸಜ್ಜನರು. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಬೇಡಿದ ಸಿಗ್ನಲ್ಲೊಂದನ್ನು ಬಿಟ್ಟು ಉಳಿದೆಲ್ಲ ಉಪಚಾರ ಮಾಡಿದರು. ಆ ಜಾಗದಲ್ಲಿ ರಸ್ತೆ ದಾಟುವವರೇ ಕಡಿಮೆಯಂತೆ, ಹಾಗಾಗಿ ಸಿಗ್ನಲ್ಲಿಗೆ ಮಂಜೂರಾತಿ ಕಷ್ಟವಂತೆ. ದಾಟಲು ಆಗದ್ದರಿಂದ ದಾಟುವವರಿಲ್ಲ, ದಾಟುವವರಿಲ್ಲದ್ದರಿಂದ ದಾಟಲು ಏರ್ಪಾಡು ಬೇಡ: ವಾಟ್ ಲಾಜಿಕ್! ಮಂಗಳೂರಿನ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಆ ಸಜ್ಜನರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಹೀಗೆ ಸೋತು ಕೂತಾಗ ದಾರಿ ತೋರಿಸಿದವರು ಪಕ್ಕದ ಮನೆಯ ಹಂಸಾಬೆನ್. ನನ್ನ ವಯಸ್ಸಿನವರೇ, ಆದರೆ ದನಿಯಲ್ಲೂ ದೇಹದಲ್ಲೂ ನನ್ನ ಎರಡರಷ್ಟು. ಒಂದು ಸಂಜೆ ಇಬ್ಬರೂ ಆಟೋದಲ್ಲಿ ಬರುವಾಗ ಮುಂದೆ ಮದುವೆಯ ದಿಬ್ಬಣ ಸಿಕ್ಕಿತು. ಕುದುರೆಯ ಮೇಲೆ ವರ, ಮುಂದೆ ಢೋಲು, ಸುತ್ತ ಕುಣಿಯುವ ಚಿಕ್ಕಪ್ಪಂದಿರು. ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಸಂಚಾರ ಸ್ತಬ್ಧ. ಯಾರೂ ಹಾರ್ನ್ ಒತ್ತಲಿಲ್ಲ. ಬಸ್ಸಿನ ಡ್ರೈವರು ಎಂಜಿನ್ ಆರಿಸಿ ತಾಳ ಹಾಕಿದ. ಸ್ಕೂಟರಿನಿಂದ ಒಬ್ಬ ಇಳಿದು, ಗುರುತಿಲ್ಲದ ವರನ ಮುಂದೆ ನಾಲ್ಕು ಹೆಜ್ಜೆ ಕುಣಿದು, ಮತ್ತೆ ಹತ್ತಿ ಕೂತ.

ಹಂಸಾಬೆನ್ ಗುಜರಾತಿ ಬೆರೆತ ಹಿಂದಿಯಲ್ಲಿ ಅಂದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: “ನೋಡಿದ್ರಾ ಲೀಲಾಬೆನ್? ಮಗು ಓದೋಕೆ ಹೊರಟ್ರೆ ಹಾರ್ನ್. ಮದುವೆಗೆ ಹೊರಟ್ರೆ ಡ್ಯಾನ್ಸ್! ಚಾಲೋ, ನಾವೂ ನಮ್ಮ ಮಕ್ಕಳ ದಿಬ್ಬಣ ಹೊರಡಿಸೋಣ.”

ತಮಾಷೆ ಎಂದುಕೊಂಡೆ. ಮರುದಿನವೇ ಅವರು ಸೊಸೈಟಿಯ ನವರಾತ್ರಿಯ ಢೋಲನ್ನು ಕೊರಳಿಗೆ ತೂಗುಹಾಕಿಕೊಂಡು ನನ್ನ ಬಾಗಿಲಲ್ಲಿದ್ದರು. ನನ್ನ ಪಾಲಿನ ಕೊಡುಗೆ ಕಾನ್ವೆಂಟಿನದು: ಇಬ್ಬಿಬ್ಬರು ಕೈಹಿಡಿದು ನಡೆಯುವ ಉದ್ದನೆಯ ಸಾಲು, ಸಿಸ್ಟರ್‌ಗಳು ಅದಕ್ಕೆ ‘ಕ್ರಾಕಡೈಲ್’ ಎನ್ನುತ್ತಿದ್ದರು. ಮುಂದೆ ಢೋಲು, ಹಿಂದೆ ಮೊಸಳೆ, ಮೊಸಳೆಯ ಹೊಟ್ಟೆಯೊಳಗೆ ಸುರಕ್ಷಿತವಾಗಿ ಸೈಕಲ್ಲು ತಳ್ಳಿಕೊಂಡು ನಡೆಯುವ ಅನ್ವಿ. ಸಾಲಿನೊಳಗೆ ತಳ್ಳಿಕೊಂಡು ಹೋಗುವುದಾದರೆ ಸರಿ ಎಂದು ಅಂತೂ ಒಪ್ಪಿ, ಬಾಲ್ಕನಿಯಲ್ಲಿ ಉಸಿರು ಬಿಗಿಹಿಡಿದು ನಿಂತ ಶುಭಾ.

ಮತ್ತು ಆ ರಸ್ತೆ ನಿಂತಿತು! ನನ್ನಾಣೆ, ನಿಂತಿತು. ಸ್ಕೂಟರಿನವನೊಬ್ಬ ಕತ್ತು ಉದ್ದ ಮಾಡಿ, “ಬಾ, ವರ ಎಲ್ಲಿ?” ಎಂದು ಕೂಗಿದ. (ಇಲ್ಲಿಯವರ ‘ಬಾ’ ಎಂದರೆ ಅಮ್ಮ, ಕರೆದದ್ದಲ್ಲ.)

ಹಂಸಾಬೆನ್ ಸಾಲಿನಲ್ಲಿದ್ದ ಎಲ್‌ಕೆಜಿಯ ಪುಟಾಣಿಯತ್ತ ಕೋಲು ತೋರಿಸಿ, “ಇವನೇ. ಮುಹೂರ್ತಕ್ಕೆ ಇನ್ನೂ ಟೈಮಿದೆ. ನೀನು ನಿಂತಿರು!” ಎಂದರು.

“ಅಜ್ಜೀ, ಪ್ಲೀಸ್, ದಿಸ್ ಈಸ್ ಸೋ ಕ್ರಿಂಜ್,” ಎಂದು ಅನ್ವಿ ಮುಖ ಮುಚ್ಚಿಕೊಂಡಳು. ಆದರೆ ಸೈಕಲ್ಲಿನ ಹ್ಯಾಂಡಲ್ ಬಿಡಲಿಲ್ಲ.

ಆ ಚಳಿಗಾಲವೆಲ್ಲ ನಾವು ದಿನವೂ ವರನಿಲ್ಲದ ದಿಬ್ಬಣ ಹೊರಡಿಸಿದೆವು. ಕೊನೆಗೆ ಅದನ್ನು ನಿಲ್ಲಿಸಿದ್ದು ವಾಹನಗಳಲ್ಲ, ಶಾಲೆಯೇ. ಢೋಲಿನಿಂದ ಕಲಿಕೆಯ ಪ್ರಶಾಂತ ವಾತಾವರಣಕ್ಕೆ ಭಂಗ ಬರುತ್ತದೆಂದು ಬಹಳ ವಿನಯದಿಂದ ಪ್ರಿನ್ಸಿಪಾಲರ ಮೆಸೇಜು ಬಂತು. ಗೇಟಿನೆದುರು ಮೂರು ಹೊತ್ತೂ ಕಿರಿಚುವ ಹಾರ್ನುಗಳು ಬಹುಶಃ ಸರಸ್ವತಿಯ ವೀಣೆಯಿರಬೇಕು. ಇತ್ತ ನಮ್ಮ ಸೆಕ್ರೆಟರಿಯವರೂ ಢೋಲು ನವರಾತ್ರಿಗಷ್ಟೇ ಎಂದು ಅದನ್ನಿಡುವ ಸೊಸೈಟಿ ಹಾಲ್‌ಗೆ ಬೀಗ ಹಾಕಿದರು. ಢೋಲಿಲ್ಲದ ಮೊಸಳೆ ರಸ್ತೆಗಿಳಿದ ಮೊದಲ ದಿನವೇ ಕಾರೊಂದು ಸವರಿಕೊಂಡು ಹೋಗಿ ನನ್ನ ಛತ್ರಿ ಮುರಿಯಿತು. ಬಾಲ್ಕನಿಯಿಂದ ನೋಡಿದ ಶುಭಾ ಓಡಿಬಂದು ಸೈಕಲ್ಲನ್ನು ಬೇಸ್‌ಮೆಂಟಿಗೆ ಇಳಿಸಿದಳು. ಮರುದಿನ ವ್ಯಾನು ಬಂತು. ಅದೇ ಬೇಸಿಗೆಯಲ್ಲಿ ಹಂಸಾಬೆನ್‌ರನ್ನು ಅವರ ಮಗ ಸೂರತ್‌ಗೆ, ಉಧ್ನಾದ ತನ್ನ ಫ್ಲ್ಯಾಟಿಗೆ ಕರೆದೊಯ್ದ.

ಮುಂದಿನ ಡಿಸೆಂಬರಿನಲ್ಲಿ ಶುಭಾಳ ತಮ್ಮನ ಮದುವೆಗೆ ಸೀರೆ ಕೊಳ್ಳಲು ನಾವು ಮೂವರೂ ಸೂರತ್‌ಗೆ ಹೋದಾಗ ಅವರನ್ನು ಕಂಡೆವು. ಬಟ್ಟೆಯ ಮೂಟೆ ಹೇರಿದ ಟೆಂಪೋಗಳು ಬಿಡುವಿಲ್ಲದೆ ಓಡುವ ರಸ್ತೆಯ ಮೇಲೇ ಮನೆ. ಮಗ ಒಳ್ಳೆಯವನು, ಎಷ್ಟು ಒಳ್ಳೆಯವನೆಂದರೆ ಅಮ್ಮನನ್ನು ಗೇಟಿನಾಚೆ ಬಿಡಕೂಡದೆಂದು ವಾಚ್‌ಮನ್ನನಿಗೆ ತಾಕೀತು ಮಾಡಿದ್ದ. ನಮ್ಮನ್ನು ಕಳಿಸಲು ಗೇಟಿನವರೆಗೆ ಬಂದ ಹಂಸಾಬೆನ್ ಎದುರು ಬದಿಯ ತರಕಾರಿ ಗಾಡಿಯನ್ನು ತೋರಿಸಿದರು.

“ಇಲ್ಲಿಗೆ ಬಂದಾಗಿನಿಂದ ಆ ಗಾಡಿ ನೋಡ್ತಾನೇ ಇದೀನಿ. ತರಕಾರಿಯೆಲ್ಲ ಫೋನಿನಲ್ಲೇ ಬರುತ್ತೆ. ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಳ್ಳೋದೂ ಒಂದು ಬಾಳೇ, ಲೀಲಾಬೆನ್?”

ಶುಭಾ ಕಾರಿನ ಬಾಗಿಲು ತೆಗೆಯುತ್ತಿದ್ದಳು. ಅನ್ವಿ ಸದ್ದಿಲ್ಲದೆ ಹಂಸಾಬೆನ್‌ರ ಮಣಿಕಟ್ಟು ಹಿಡಿದು, “ಬಾ, ಚಾಲೋ,” ಎಂದಳು.

“ಅನ್ವೀ!” ಎಂದು ಶುಭಾ ಕೂಗುವಷ್ಟರಲ್ಲಿ ಅವರಿಬ್ಬರೂ ರಸ್ತೆಯಲ್ಲಿದ್ದರು. ಹುಡುಗಿ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಯಾರೂ ಬರಬಾರದ ದಿಕ್ಕಿನತ್ತ ಇನ್ನೊಮ್ಮೆ ನೋಡಿದಳು. ಅಂಗೈ ಎತ್ತಿ ಒಂದು ಟೆಂಪೋವನ್ನು ನಿಲ್ಲಿಸಿದಳು. ಹಂಸಾಬೆನ್‌ರನ್ನು ಆಚೆ ಮುಟ್ಟಿಸಿ, ಅದೇ ಎಚ್ಚರದಲ್ಲಿ, ಒಬ್ಬಳೇ ದಾಟಿಕೊಂಡು ಹಿಂದಕ್ಕೆ ಬಂದಳು. ನನ್ನ ತೋಳಿನಲ್ಲಿ ಶುಭಾಳ ಉಗುರು ಮೂಡಿತ್ತು.

ಹಿಂದಿರುಗುವಾಗ ಶುಭಾ, ವಡೋದರಾದಲ್ಲಿ, ತಂದೆಯ ಹೋಟೆಲಿನಲ್ಲಿ, ಕಾಫಿಯ ಲೋಟ ಕೆಳಗಿಟ್ಟು ಕೇಳಿದಳು: “ಆ ಸೈಕಲಿನ ಬ್ರೇಕ್ ಸರಿ ಉಂಟಾ?”

ಅನ್ವಿ ಈಗ ಸೈಕಲ್ಲಿನಲ್ಲೇ ಹೋಗುತ್ತಾಳೆ. ಕಥೆ ಸುಖಾಂತವಾಯಿತೆಂದು ನೀವು ನಿಟ್ಟುಸಿರು ಬಿಟ್ಟರೆ ನನಗೆ ಸಿಟ್ಟು ಬರುತ್ತದೆ. ಸಿಗ್ನಲ್ ಬಂದಿಲ್ಲ, ಹೂಕುಂಡಗಳು ಸರಿದಿಲ್ಲ, ಬಿಳಿ ಸೈಕಲ್ಲಿನ ಚಿತ್ರದ ಮೇಲೆ ಇವತ್ತೂ ಕಾರಿತ್ತು. ನಗರವೊಂದು ಮಾಡಬೇಕಾದ ಕೆಲಸವನ್ನು ಒಬ್ಬ ಹುಡುಗಿಯ ಧೈರ್ಯಕ್ಕೆ ವಹಿಸಿ ಕೈತೊಳೆದುಕೊಂಡಿದ್ದೇವೆ, ನಾವು ದೊಡ್ಡವರು. ಶಾಲೆಗೆ ಹೋಗಲು ಮಗುವಿಗೆ ಧೈರ್ಯ ಯಾಕೆ ಬೇಕು? ಅವಳು ಆಚೆ ಮುಟ್ಟುವವರೆಗೆ ಬಾಲ್ಕನಿಯಲ್ಲಿ ನಾವು ಅತ್ತೆ-ಸೊಸೆ ಉಸಿರಾಡುವುದಿಲ್ಲ.

ಈ ಮಳೆಗಾಲದಲ್ಲಿ ಹಂಸಾಬೆನ್ ತೀರಿಕೊಂಡರು. ಹಾಸಿಗೆಯಲ್ಲೇ, ನಿದ್ದೆಯಲ್ಲಿ; ರಸ್ತೆಗೆ ಆ ಗೆಲುವು ಸಿಗಲಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಸೂರತ್‌ನಲ್ಲಿ ಆ ದಿನ, ಹೊರಟ ಕಾರಿನ ಕಿಟಕಿಯಿಂದ. ನಾನೇ ಬರ್ತೀನಿ, ನೀವು ಹೋಗಿ ಎಂದು ಅನ್ವಿಯ ಕೈಲಿ ಹೇಳಿ ಕಳಿಸಿದ್ದರು. ಗಾಬರಿಯಾದ ವಾಚ್‌ಮನ್ ಈಚೆಯಿಂದ ಕೈಬೀಸಿ ಕರೆಯುತ್ತಿದ್ದ. ಟೆಂಪೋಗಳ ಸಂದಿಯಲ್ಲಿ ಅವರ ಅಗಲವಾದ ಬೆನ್ನು ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣಿಸುತ್ತಿತ್ತು. ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಗಾಡಿಯವನೊಂದಿಗೆ ಜಗಳವಾಡುತ್ತಾ, ಒಂದೊಂದೇ ಬೆಂಡೆಕಾಯಿಯ ತುದಿ ಮುರಿಯುತ್ತಿದ್ದರು.